ಕಡ ತಂದ ನಾಲಗೆ

ಜುಗ್ದಿದಿಯ ಸಂತೆಯಲ್ಲಿ ನನ್ನದು ಮೂರನೇ ಮೇಜು.
ಅಜಿಕಾ ಮಾರುತ್ತೇನೆ: ಕೆಂಪು ಮೆಣಸು, ಬೆಳ್ಳುಳ್ಳಿ,
ಕೊತ್ತಂಬರಿ ಬೀಜ, ಕಲ್ಲುಪ್ಪು, ಕಲ್ಲಿನ ಮೇಲೆ ಅರೆದದ್ದು.
ಗಿರಾಕಿ ಕೇಳುತ್ತಾನೆ, "ಖಾರ ಇದೆಯೇ, ತ್ಸಿಸಾನಾ?"
"ನಿನ್ನ ಅತ್ತೆಗಿಂತ" ಅನ್ನುತ್ತೇನೆ. ನಗುತ್ತಾನೆ, ಕೊಳ್ಳುತ್ತಾನೆ.
ತಾನು ಅರೆದದ್ದನ್ನು ಈ ಹೆಂಗಸು
ಹದಿನಾಲ್ಕು ತಿಂಗಳಿಂದ ನಾಲಗೆಗೆ ಸೋಕಿಸಿಲ್ಲವೆಂದು
ಅವನಿಗೇನು ಗೊತ್ತು.

ಮೊಣಕಾಲ ನೋವಿಗೆ ನುಂಗಿದ ಮಾತ್ರೆ
ಮೊಣಕಾಲನ್ನು ಬಿಟ್ಟು ಹೊಟ್ಟೆಯಲ್ಲಿ ಗುಂಡಿ ತೋಡಿತು.
ಕುತಾಯಿಸಿಯ ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿದರು.
ಮೊಮ್ಮಗಳ ವಯಸ್ಸಿನ ಡಾಕ್ಟರು
ಪರದೆಯ ಮೇಲೆ ಬೆರಳಿಟ್ಟಳು: ಇಲ್ಲಿ, ನೋಡಿ.
ನಮ್ಮ ತೋಟದ ಹೇಝಲ್ ಕಾಯಿಯ ಟೊಪ್ಪಿಯಷ್ಟು,
ಅಂಚು ಕೆಂಪು, ನಡುವೆ ಬಿಳುಪು.
ಅರವತ್ತೊಂದು ವರ್ಷ ಹೊತ್ತು ತಿರುಗಿದ ಹೊಟ್ಟೆಯನ್ನು
ಮೊದಲ ಸಲ ಕಣ್ಣಾರೆ ಕಂಡೆ.
ಯಾರದೋ ಮನೆಯ ಒಳಕೋಣೆ ಇಣುಕಿದಂತೆ ನಾಚಿಕೆಯಾಯಿತು.

ಚೀಟಿ ಬರೆದಳು. ವೈನ್ ಇಲ್ಲ, ಚಾಚಾ ಇಲ್ಲವೇ ಇಲ್ಲ,
ಕಾಫಿ, ಹುಳಿ ಪ್ಲಮ್ಮಿನ ಗೊಜ್ಜು, ಹೊಗೆಯಾಡಿಸಿದ ಮಾಂಸ...
"ಅಜಿಕಾ?" ಎಂದೆ. ಪೆನ್ನು ನಿಂತಿತು.
"ನೀವು ಜುಗ್ದಿದಿಯವರಲ್ಲವೇ" ಎಂದಳು,
ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಉಳಿದದ್ದು ಗೋಮಿ.
ಬಿಳಿ ಮೆಕ್ಕೆಜೋಳದ ಮುದ್ದೆ, ಉಪ್ಪು ಕಾಣದ್ದು.
ಹಿಂದೆ ಅದು ಖಾರಕ್ಕೆ ಹಾಸಿದ ಹಾಸಿಗೆ;
ಈಗ ಬರೀ ಹಾಸಿಗೆ, ಮಲಗುವವರಿಲ್ಲ.
ಸುಲುಗುನಿ ಚೀಸನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ
ಉಪ್ಪು ಕಕ್ಕಿಸಿ, ಬಿಸಿ ಮುದ್ದೆಯೊಳಗೆ ತುರುಕುತ್ತೇನೆ,
ಎಳೆ ಎಳೆಯಾಗಿ ಕರಗುವುದನ್ನು ಕಾಯುತ್ತೇನೆ.
ಒಂದು ಸೌಟು. ಮೂರು ತಾಸಿಗೊಮ್ಮೆ.
ಹಸಿದರೆ ಅದು ಎಚ್ಚರಾಗುತ್ತದೆ, ತುಂಬಿದರೆ ಮುನಿಯುತ್ತದೆ.

ರಾತ್ರಿ ಎರಡೂವರೆ. ಗಡಿಯಾರ ತಪ್ಪಿದರೂ ಅದು ತಪ್ಪದು,
ಎದೆಮೂಳೆಯ ಕೆಳಗೆ ಯಾರೋ ಕೆಂಡ ಊದುತ್ತಾರೆ.
ತಲೆದೆಸೆಯ ತಟ್ಟೆಯಿಂದ ತಣ್ಣನೆಯ ಗೋಮಿ ಮುರಿದು
ಕತ್ತಲಲ್ಲಿ ಕೂತು ಜಗಿಯುತ್ತೇನೆ,
ಕಳ್ಳಿಯ ಹಾಗೆ, ನನ್ನದೇ ಮನೆಯಲ್ಲಿ.
ಬೆಕ್ಕು ಬಂದು ಮೂಸಿ ನೋಡಿ ಬೇಡವೆಂದು ಹೋಗುತ್ತದೆ.

ಬೊಂದೋನ ಮಗನ ಮದುವೆಯಲ್ಲಿ
ಹಾರೈಕೆಯ ಲೋಟ ಎತ್ತಿದ್ದೇ ಎತ್ತಿದ್ದು.
ಸತ್ತವರ ಹೆಸರಿಗೆಂದು ವೈನನ್ನು ರೊಟ್ಟಿಯ ಮೇಲೆ ಸುರಿದೆ,
ಬದುಕಿದ್ದವರ ಹೆಸರಿಗೂ ಅದೇ ರೊಟ್ಟಿ.
ಏಳನೆಯ ಸುತ್ತಿಗೆ ರೊಟ್ಟಿಗೆ ಪೂರ್ತಿ ಅಮಲು.
ಎದುರು ಕೂತ ಮುದುಕ ಕಣ್ಣು ಕಿರಿದಾಗಿಸಿ ಕೇಳಿದ:
"ತ್ಸಿಸಾನಾ, ನಿಮ್ಮ ಮನೆಯಲ್ಲಿ ಇಷ್ಟು ಜನ ಸತ್ತರೇ?"

ಪಕ್ಕದ ಮೇಜಿನ ಗುಗುಲಿಯೂ ಅಜಿಕಾದವಳೇ.
ಅವಳ ಡಬ್ಬಿ ಬೇಗ ಖಾಲಿಯಾದ ದಿನಗಳಲ್ಲಿ
ಇಪ್ಪತ್ತು ವರ್ಷ ನನಗೆ ಹೊಟ್ಟೆಯುರಿ ಇದ್ದೇ ಇತ್ತು,
ಅದಕ್ಕೆ ಯಾರೂ ಚೀಟಿ ಬರೆಯಲಿಲ್ಲ.
ಹನ್ನೊಂದಕ್ಕೆ ಮೇಜಿನಡಿ ಬಾಗಿ ನಾನು ತಿನ್ನುವುದನ್ನು
ಅವಳೇ ಕಂಡಳು. ಡಬ್ಬಿಯೊಳಗಿನ ಬಿಳುಪು ನೋಡಿದಳು,
ನನ್ನ ಮುಖದ ಬಿಳುಪು ನೋಡಿದಳು.
ಯಾರಿಗೂ ಹೇಳಲಿಲ್ಲ. ಹೊಟ್ಟೆಯೊಳಗೇ ಇಟ್ಟುಕೊಂಡಳು.
ಅವಳ ಹೊಟ್ಟೆ ಗಟ್ಟಿ.

ಉಪ್ಪು ಕೈಯಳತೆಗೆ ಸಿಗುತ್ತದೆ, ಖಾರ ಮೂಗಿಗೆ;
ಎರಡೂ ಹೊಂದಿದ್ದು ನಾಲಗೆಗೆ ಮಾತ್ರ ಗೊತ್ತು.
ಹೊಸ ಮೆಣಸು ಅರೆದ ಅಕ್ಟೋಬರಿನ ಬೆಳಿಗ್ಗೆ
ಚಮಚವನ್ನು ಅವಳತ್ತ ಚಾಚಿದೆ.
ಗುಗುಲಿ ಕಣ್ಣು ಮುಚ್ಚಿದಳು. ಕಿವಿ ಕೆಂಪಾಯಿತು.
ಅವಳ ಗಂಟಲು ಏರಿ ಇಳಿಯುವುದನ್ನೇ ನೋಡಿದೆ,
ನನ್ನ ಬಾಯಲ್ಲಿ ನೀರು.
"ಉಪ್ಪು ಸಾಲದು" ಎಂದಳು. "ಇನ್ನೊಂದು ಹಿಡಿ."

ಸಾಲದೇ? ನಿಜವೇ?
ಇಪ್ಪತ್ತು ವರ್ಷದ ಲೆಕ್ಕವನ್ನು
ಒಂದು ಹಿಡಿಯಲ್ಲಿ ತೀರಿಸುತ್ತಿದ್ದಾಳೆಯೇ?
ನನ್ನ ಮಾತ್ರೆಯ ಹೊತ್ತಾಗಿತ್ತು.
ಮುಷ್ಟಿ ತುಂಬ ಕಲ್ಲುಪ್ಪು ತೆಗೆದೆ,
ಅವಳ ಮುಖ ನೋಡುತ್ತ
ಬೆರಳು ಒಂದೊಂದಾಗಿ ಬಿಚ್ಚಿದೆ.