ಅನಿಸುತ್ತೆ

ಸೆಕೊಂಡಿಯ ಕೋರ್ಟಿನಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ.
ಸಮುದ್ರದ ಉಪ್ಪು ತಿಂದು ಕಿಟಕಿಯ ಸರಳು ಕೆಂಪಾಗಿವೆ.
ಬಲಗೈಯಲ್ಲಿ ಬೈಬಲ್ಲು. ಹೆಸರು? ಎಬೋ ಕ್ವಾನ್ಸಾ.
ಕೆಲಸ? ಸೌಂಡು, ತಾಯಿ.
ಹನ್ನೊಂದು ವರ್ಷ, ಜೀವಜಲ ರೇಡಿಯೊದ ಹಿಂದಿನ ಕೋಣೆ,
ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದು ನಾನೇ.

ಅಗೋ, ಪ್ರವಾದಿ ಅಬೈದೂ, ಇಸ್ತ್ರಿ ಮುರಿಯದ ಬಿಳಿ ಸೂಟಿನಲ್ಲಿ.
ನನ್ನ ಕಡೆ ನೋಡುತ್ತಿಲ್ಲ.
ಅವರ ದನಿ ಅಸಲಿಗೆ ತೆಳು, ನೆಗಡಿ ಹಿಡಿದ ಹುಡುಗನದು.
ಈ ಗುಟ್ಟು ಇಬ್ಬರಿಗೇ ಗೊತ್ತು: ಅವರ ಹೆಂಡತಿಗೆ, ನನಗೆ.
ಗುಡುಗು ನನ್ನದು.
ಗುಂಡಿ ಒಂದಿಷ್ಟು ಬಲಕ್ಕೆ ತಿರುಗಿಸಿದರೆ
ಸಿನಾಯ್ ಬೆಟ್ಟ ನಡೆದುಕೊಂಡು ಟಾಕೊರಾಡಿಗೆ ಬರುತ್ತಿತ್ತು.

ಮೇಜಿನ ಮೇಲೆ ಹಸಿರು ಬಾಟಲಿ, ಕೊರಳಿಗೆ ನಂಬರಿನ ಚೀಟಿ.
ಏಳು ಗುಟುಕು, ಏಳು ಬೆಳಗು:
ಸಕ್ಕರೆ, ರಕ್ತದೊತ್ತಡ, ಗಡ್ಡೆ, ಬಂಜೆತನ, ಹಳೆಯ ಸಾಲ.
ಲ್ಯಾಬಿನವರು ಓದಿದರು:
ನೀರು, ನಿಂಬೆ, ಉಪ್ಪು, ಹಸಿರು ಬಣ್ಣ.
ಹಿಂದಿನ ಸಾಲಿನಲ್ಲಿ ಯಾರೋ ಆಮೆನ್ ಅಂದುಬಿಟ್ಟರು,
ಅಭ್ಯಾಸಬಲ.

ಪ್ರವಾದಿಯ ವಕೀಲರು ಮೆತ್ತಗೆ ಎದ್ದರು:
ವಾಸಿ ಮಾಡುತ್ತೇನೆ ಅಂತ ನಮ್ಮ ಕಕ್ಷಿದಾರರು ಎಂದೂ ಅಂದಿಲ್ಲ.
ಅಂದವರು ಜನ. ಅವರದೇ ಬಾಯಿ, ಅವರದೇ ಮಾತು.
ಕೇಳಿಸಿದರು. ಆಂಟಿ ಅರಬಾ:
“ಸಕ್ಕರೆ ಕಾಯಿಲೆ ಹೋಯಿತು.”
ಎರಡು ವರ್ಷ, ದಿನಕ್ಕೆ ಮೂರು ಸಲ,
ಸುದ್ದಿಗೆ ಮುಂಚೆ, ಊಟಕ್ಕೆ ಮುಂಚೆ, ದೀಪ ಆರಿಸುವ ಮುಂಚೆ.
ಅವಳನ್ನು ಮಣ್ಣು ಮಾಡಿದ ದಿನವೂ ಮೂರು ಸಲ.

ನೀನೇನು ತೆಗೆದೆ? ನ್ಯಾಯಾಧೀಶೆ ಕೇಳಿದರು.
ಕೆಮ್ಮು, ತಾಯಿ. ಉಸಿರು. ಹೊರಗಿನ ಮೇಕೆಯ ಕೂಗು.
ಅಷ್ಟೇನಾ?

ನನ್ನಲ್ಲೊಂದು ಕಸದ ಫೈಲಿದೆ. ಏನನ್ನೂ ಎಸೆಯುವವನಲ್ಲ ನಾನು,
ಸೊಟ್ಟ ಮೊಳೆ, ಹರಿದ ವೈರು, ಜನರ ಕೆಮ್ಮು.
ಅದನ್ನು ಹಾಕಿದರು.

ಕುರ್ಚಿ ಎಳೆದ ಸದ್ದು.
ಮೀನು ಸುಡುವ ಹೊಗೆ ಕುಡಿದ ಎದೆಯಿಂದ ಅವಳು ಕೆಮ್ಮುತ್ತಾಳೆ.
“ಸಕ್ಕರೆ ಕಾಯಿಲೆ ಹೋಯಿತು
                                ಅನಿಸುತ್ತೆ.
ಕಾಲು ಮಾತ್ರ ಮಗಾ, ಎರಡು ಬೆರಳು ಕಪ್ಪಗಾಗಿವೆ.
ಆಸ್ಪತ್ರೆಯ ಸೂಜಿ ಬಿಟ್ಟದ್ದು ಸರಿಯಾ ಅಂತ
ಪ್ರವಾದಿಯವರನ್ನು ಒಂದು ಮಾತು ಕೇಳ್ತೀಯಾ?”
ಆಮೇಲೆ ನನ್ನ ದನಿ:
“ಆಯ್ತು ಆಂಟಿ. ಇಲ್ಲಿಗೆ ಸಾಕು.”

ನಾನು ಕೇಳಲಿಲ್ಲ.
ಆವತ್ತು ಕರೆಂಟು ಹೋಗಿತ್ತು, ಜನರೇಟರಿಗೆ ಡೀಸೆಲ್ ತರಬೇಕಿತ್ತು.

ಮೂರನೇ ಬೆಂಚಿನಲ್ಲಿ ಅವಳ ಮಗಳು.
ಒಲೆಯ ಪಕ್ಕ ರೇಡಿಯೊ ಇಟ್ಟುಕೊಂಡು
ತೀರಿಹೋದ ತಾಯಿ ವಾಸಿಯಾಗುವುದನ್ನು ಕೇಳುತ್ತಿದ್ದವಳು.
ಈಗ ಆ ಒಂದು ಪದವನ್ನು ನಾಲಗೆಯಲ್ಲಿ ಹೊರಳಿಸುತ್ತಿದ್ದಾಳೆ,
ತುತ್ತಿನೊಳಗೆ ಮುಳ್ಳು ಸಿಕ್ಕವಳಂತೆ:
ನುಂಗುವ ಹಾಗಿಲ್ಲ, ಎಲ್ಲರೆದುರು ಉಗುಳುವ ಹಾಗೂ ಇಲ್ಲ.

ನೀನು ನಂಬಿದ್ದೆಯಾ, ಎಬೋ ಕ್ವಾನ್ಸಾ?
ನನ್ನ ಅವ್ವನ ಮಂಚದ ಕೆಳಗೂ ಒಂದು ಹಸಿರು ಬಾಟಲಿ ಇದೆ,
ಪೂರ್ತಿ ದುಡ್ಡು ಕೊಟ್ಟು ತಂದದ್ದು, ಅರ್ಧ ಖಾಲಿ.
ನಂಬಿದ್ದೆ, ಅಂದೆ.
ಅನಿಸುತ್ತೆ, ಅಂದೆ.
ಟೈಪು ಮಾಡುವ ಹೆಂಗಸಿನ ಬೆರಳು ತಡೆಯಿತು.
ಮೊದಲನೆಯದನ್ನು ಬಡಿದಳು. ಎರಡನೆಯದನ್ನು ಬಡಿದಳೋ ಇಲ್ಲವೋ,
ಫ್ಯಾನಿನ ಕಿರುಗುಟ್ಟುವಿಕೆಯಲ್ಲಿ ಗೊತ್ತಾಗಲಿಲ್ಲ.

ಹೊರಗೆ ಟ್ಯಾಕ್ಸಿ ಹತ್ತಿದೆ.
ಬೇರೆ ಸ್ಟೇಷನ್ನು, ಬೇರೆ ಪ್ರವಾದಿ, ಜೇನು ಬಣ್ಣದ ಬಾಟಲಿಯಂತೆ.
ಯಾವಳೋ ಒಬ್ಬಳು: “ಗೂರಲು ಹೋಯಿತು.”
ಡ್ರೈವರು ತಲೆದೂಗಿದ.
ನನಗೆ ಕೇಳಿಸಿತು, ಆ ಮಾತಿನ ಬೆನ್ನಿಗೇ,
ಬ್ಲೇಡಿನಷ್ಟು ಅಗಲದ, ಉಸಿರಿಲ್ಲದ ಒಂದು ಜಾಗ.
ಚೆನ್ನಾಗಿ ಕೊಯ್ದಿದ್ದಾನೆ ಹುಡುಗ.