ಮಂಗಳವಾರ, ಶುಕ್ರವಾರ, ಒಂಬತ್ತರಿಂದ ಒಂದು

ವಾರಕ್ಕೆರಡು ದಿನ ನಾನು ಸರ್ಕಾರದವಳು.
ಹನ್ನೊಂದು ತಿಂಗಳ ಕರಾರು, ಒಂದು ದಿನ ಯಾರೂ ಅಲ್ಲ,
ಮತ್ತೆ ಹನ್ನೊಂದು ತಿಂಗಳು.
ಬಾಗಿಲ ಮೇಲೆ ಹೆಸರಿಲ್ಲ,
‘ಹೃದ್ರೋಗ ತಜ್ಞರು, ಅರೆಕಾಲಿಕ’ ಅಂತಷ್ಟೇ.
ನನ್ನ ಹಿಂದಿನವರಿಗೂ ಅದೇ ಹಲಗೆ.

ಎಂಟೂವರೆಗೇ ಬೆಂಚು ತುಂಬಿರುತ್ತದೆ,
ಸಾಗರದ ಮೊದಲ ಬಸ್ಸು, ಸೊರಬದ್ದು, ಹೊಸನಗರದ್ದು.
ಇಲ್ಲಿ ರ‍್ಯಾಂಕು ಗೀಂಕು ಏನಿಲ್ಲ ಅನ್ನುತ್ತಾರೆ;
ಆದರೂ ಸುಬೇದಾರ್ ಡಾಕಪ್ಪ ಬಂದರೆ
ಫ್ಯಾನಿನ ಕೆಳಗಿನ ಜಾಗ ತಾನಾಗಿ ಖಾಲಿ.
ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು,
ಅದರೊಳಗೆ ಕಾರ್ಡು, ಮಾತ್ರೆಯ ಚೀಟಿ, ಮಡಿಸಿದ ಹಳೇ ಇಸಿಜಿ.
ಆ ಕಾಗದದ ಹಣೆಬರಹವೇ ಹಾಗೆ,
ನಾಲ್ಕು ಬೇಸಿಗೆ ಕಳೆದರೆ ಗುಡ್ಡ ಕಣಿವೆ ಎಲ್ಲ ಅಳಿಸಿ
ಬರೀ ಚೌಕುಳಿ ಉಳಿಯುತ್ತದೆ.

‘ಗುಂಡು ಬಿಡಬೇಕು’ ಅಂದೆ ಹುಚ್ಚರಾಯಪ್ಪನವರಿಗೆ.
‘ಹದಿನೇಳು ವರ್ಷ ಬಿಟ್ಟೆನಲ್ಲ ಮೇಡಂ, ಗಡಿಯಲ್ಲಿ,
ಇನ್ನೂ ಎಷ್ಟು ಬಿಡಲಿ?’
ಬೆಂಚಿಗೆ ಬೆಂಚೇ ನಕ್ಕಿತು.
ಕ್ಯಾಂಟೀನಿನ ರಮ್ಮು ನಿಂತಿಲ್ಲವೆಂದು ಲಿವರ್ ಬೇರೆ ಹೇಳುತ್ತಿತ್ತು.
ನಮ್ಮ ಭಾಷೆಯೇ ಪೋಲಿ:
ಗುಂಡಿಗೆ ಅಂದರೆ ಹೃದಯ,
ಗುಂಡಿಗೆ ಅಂದರೆ ಗುಂಡಿಗೇ ಒಡ್ಡಿದ್ದು.
ಎದೆ ಕೊಟ್ಟು ನಿಂತವರು ಅಂತ ನಾವು ಭಾಷಣ ಮಾಡುತ್ತೇವೆ,
ಇಲ್ಲಿ ಅಂಗಿ ಬಿಚ್ಚಿ ಎದೆ ಕೊಡಲು ನಾಚುತ್ತಾರೆ,
ತಣ್ಣನೆಯ ಜೆಲ್ಲಿಗೆ ಬೆಚ್ಚುತ್ತಾರೆ,
ಬೆಚ್ಚಲಿಲ್ಲ ಅನ್ನುತ್ತಾರೆ.

ಮಾರ್ಚಿನ ಒಂದು ಶುಕ್ರವಾರ. ಹವಾಲ್ದಾರ್ ದ್ಯಾವಪ್ಪ,
ಆನವಟ್ಟಿ, ಸಿಗ್ನಲ್ಸ್, ಎಡ ಮಗ್ಗುಲಲ್ಲಿ ಮಲಗಿದ್ದರು.
‘ಉಸಿರು ಹಿಡೀರಿ’ ಅಂದೆ. ಹಿಡಿದರು.
ಪರದೆಯಲ್ಲಿ ಕವಾಟ ತೆರೆದು ಮುಚ್ಚುತ್ತಿತ್ತು.
ಅಷ್ಟರಲ್ಲಿ ಸಿಸ್ಟರ್ ಫ್ಲೇವಿಯಾ ಫಾರಂ ತಂದರು,
ಯಾರದೋ ರೆಫರಲ್ಲು, ಮೂರು ಕಡೆ ಸಹಿ, ಈಗಲೇ.
ಎರಡನೆಯದಕ್ಕೆ ಪೆನ್ನು ಕೈಕೊಟ್ಟಿತು.
ಡ್ರಾಯರಿನಲ್ಲಿ ಹುಡುಕಿದೆವು, ಇನ್ನೊಂದು ಡ್ರಾಯರಿನಲ್ಲಿ.
ತಿರುಗಿ ನೋಡಿದರೆ ಮುಖ ನೇರಳೆ,
ಕಣ್ಣು ಗೋಡೆಯಲ್ಲಿ ನೆಟ್ಟು,
ಮಾನಿಟರಿನಲ್ಲಿ ಬಡಿತ ದೂರ ದೂರ.
‘ಬಿಡಿ! ಅಯ್ಯೋ, ಬಿಡಿ! ಯಾಕೆ ಬಿಡಲಿಲ್ಲ?’
ಮಡುವಿನಿಂದ ಮೇಲೆದ್ದವರಂತೆ ಗಾಳಿ ನುಂಗಿ
ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು:
‘ಬಿಡಿ ಅಂತ ನೀವು ಹೇಳಲಿಲ್ಲ.’

ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಕೇಳದೆಯೇ, ಒಂದಿಷ್ಟು.
ಹಿಮದ ಮೇಲೆ ನಸುಕು. ಬಂಡೆ ಹಿಂದೆ ಮೂವರು.
ಆಚೆ ಬೂಟಿನ ಸದ್ದು. ಬಾಯಿಂದ ಹಬೆ ಎದ್ದರೆ ಕಾಣುತ್ತದೆ.
‘ಹಿಡೀರಿ’ ಅಂದಿದ್ದು ನಮ್ಮ ಉಸ್ತಾದ್.
ಸದ್ದು ಹೋಯ್ತು. ಬಿಡಿ ಅನ್ನಲಿಲ್ಲ ಆತ.
ಮೈ ಅಲುಗಿಸಿ ನೋಡೋ ತನಕ
ಕಾಯ್ತಾನೇ ಇದ್ವಿ ಮೇಡಂ.

ಯಾವ ಬೆಟ್ಟ, ಯಾವ ವರ್ಷ, ಆತನ ಊರು ಯಾವುದು,
ಕೇಳಲಿಲ್ಲ. ಹೊರಗೆ ಇನ್ನೂ ಹದಿನಾಲ್ಕು ಟೋಕನ್.

ಓದುವಾಗ ಬಾಯಿಪಾಠ ಮಾಡಿದ್ದೆ:
ಹೃದಯವೂ ಅರೆಕಾಲಿಕ.
ಒಂದು ಪಾಲು ದುಡಿಮೆ, ಹತ್ತಿರ ಹತ್ತಿರ ಎರಡು ಪಾಲು ಬಿಡುವು,
ಆ ಬಿಡುವಿನಲ್ಲೇ ಅದು ತನಗೆ ಉಣ್ಣುವುದು.
ಬಹಳ ಜನರಲ್ಲಿ ಮೊದಲು ಕೆಡುವುದು ಬಿಗಿಯುವ ಶಕ್ತಿಯಲ್ಲ,
ಸಡಿಲುವ ಶಕ್ತಿ.
ದ್ಯಾವಪ್ಪನವರ ರಿಪೋರ್ಟಿನಲ್ಲೂ ಅದನ್ನೇ ಬರೆದೆ.
ಪಂಪು ಚೆನ್ನಾಗಿದೆ. ಸಡಿಲಲು ತಡ ಮಾಡುತ್ತದೆ.
ಓದಿಸಿಕೊಂಡು, ‘ಅದು ನನ್ನ ಹೆಂಡತಿಗೂ ಗೊತ್ತು’ ಅಂದರು.

ಒಂದು ಗಂಟೆಗೆ ಬಾಗಿಲು ಮುಚ್ಚಿ
ತುಂಗೆಯ ಸೇತುವೆ ದಾಟುತ್ತೇನೆ,
ಆಚೆ ದಡದ ಆಸ್ಪತ್ರೆಯಲ್ಲಿ ಎಸಿ ಇದೆ,
ಬಾಗಿಲ ಮೇಲೆ ಹಿತ್ತಾಳೆಯಲ್ಲಿ ನನ್ನ ಹೆಸರಿದೆ,
ತಿಂಗಳಿಗೆ ಇಷ್ಟು ಸ್ಟೆಂಟು ಅಂತ ಲೆಕ್ಕವೂ ಇದೆ.
ಅಲ್ಲಿ ‘ಉಸಿರು ಹಿಡೀರಿ’ ಅಂದರೆ
ಎಂಟು ಎಣಿಸುವುದರೊಳಗೆ ತಾವೇ ಬಿಟ್ಟುಬಿಡುತ್ತಾರೆ.

ಮುಂದಿನ ಮಂಗಳವಾರ ದ್ಯಾವಪ್ಪ ಬಂದರು,
ಟೋಕನ್ ಇಲ್ಲ, ಕವರು ಇಲ್ಲ.
ಮೇಜಿನ ಮೇಲೆ ಎರಡು ಪೆನ್ನು ಇಟ್ಟರು,
ಎರಡನ್ನೂ ಅಂಗೈ ಮೇಲೆ ಗೀಚಿ ತೋರಿಸಿ
ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.