ಗೆದ್ದಲು ಗಡಿಗೆ

ಸೈಕಲ್ಲಿನ ಹಿಂದೆ ಜಾಳಿಗೆ ಪೆಟ್ಟಿಗೆ ಕಟ್ಟಿಕೊಂಡು
ಗಂಗಾವತಿ ಕಡೆಯಿಂದ ಬಂದಿದ್ದ ಅವನು.
ಹತ್ತು ರೂಪಾಯಿಗೊಂದು. ಗುಲಾಬಿ, ಹಸಿರು, ನೀಲಿ,
ಓಕುಳಿಯಾಡಿ ಬಂದಂಥ ಮರಿಗಳು.
ಕೇಳದೆಯೇ ನನ್ನ ಸೆರಗಿನ ಗಂಟು ಬಿಚ್ಚಿದಳು ಸುಂಕಿ.
ಮೂರು ತಂದಳು. ಬಣ್ಣಕ್ಕೊಂದು.

ರಟ್ಟಿನ ಡಬ್ಬಿ, ಮ್ಯಾಲೊಂದು ಬಲ್ಬು,
ಬಾಟಲಿ ಮುಚ್ಚಳದಲ್ಲಿ ನೀರು.
ಎರಡು ಗಂಟೆಗೆ ಕರೆಂಟು ಹೋಯಿತು.
ಬೆಳಿಗ್ಗೆ ನೀಲಿ
ಇತ್ತು, ಆದರೆ ಇರಲಿಲ್ಲ.

ನಾನು ಕಾರಟಗಿಯ ಮಿಲ್ಲಿನಲ್ಲಿ ಚೀಲ ಹೊಲಿಯುವಾಕಿ.
ಬಾಯಿ ಹೊಲಿಯುವುದು ಗೊತ್ತು,
ಬಾಯಿಗೆ ತುತ್ತಿಡುವುದು ಹೇಗೆ, ಇಷ್ಟು ಸಣ್ಣ ಬಾಯಿಗೆ?
ಹಿಂದಿನ ಓಣಿಯ ಖಾಜಾಬಿ ಡಬ್ಬಿ ಬಗ್ಗಿ ನೋಡಿ ನಕ್ಕಳು:
"ಬಲ್ಬು ತಾಯಿ ಅಲ್ಲವ್ವ.
ಬಾ ಅಂತ ಕರೀಲಿಕ್ಕೆ ಬರ್ತೈತೇನು ಅದಕ್ಕ?"

ಅವಳ ಬೂದಿ ಬಣ್ಣದ ಹ್ಯಾಟೆ
ಕಾವಿಗೆ ಕೂತು ಇಪ್ಪತ್ತೊಂದು ದಿನ.
ಆ ರಾತ್ರಿ ದೀಪ ಹಚ್ಚಲಿಲ್ಲ, ಮಾತಾಡಲಿಲ್ಲ.
ಒಡೆದ ಚಿಪ್ಪುಗಳ ನಡುವೆ
ಒಂದೊಂದೇ ಮರಿ ರೆಕ್ಕೆಯಡಿ ಸರಿಸಿದಳು,
ಜೇಬಿಗೆ ಚಿಲ್ಲರೆ ಹಾಕಿದಂತೆ.
"ಕತ್ತಲದಾಗ ಕೋಳಿಗೆ ಬಣ್ಣ ಇಲ್ಲ."

ಬೆಳಗಾದಾಗ ಏಳು ಕಂದು, ಒಂದು ಹಸಿರು, ಒಂದು ಗುಲಾಬಿ.
ಹ್ಯಾಟೆ ಎಣಿಸಲೂ ಇಲ್ಲ.

ಮಿಲ್ಲಿನ ಹಿಂದೆ ಗುಡ್ಡವಾಗಿ ಬಿದ್ದ ಹೊಟ್ಟು,
ಗಾಳಿ ಬಂದಾಗೆಲ್ಲ ಊರು ಬೈಯುವ ಹೊಟ್ಟು,
ಅದನ್ನೇ ಒಂದು ಚೀಲ ಹೊತ್ತು ತಂದೆ.
ನಾಲ್ಕು ಬೆರಳು ದಪ್ಪ ಹಾಸಬೇಕು,
ದಿನಾ ಕೋಲಿನಿಂದ ಕೆದರಬೇಕು,
ತೇವ ಹಿಡಿದದ್ದು ಬದನೆ ಗಿಡದ ಬುಡಕ್ಕೆ.
(ಈ ಸಲ ಬದನೆ ಮುಳ್ಳು ಕೂಡ ದಪ್ಪ.)

ಗಡಿಗೆಯ ಕೆಲಸ ಕಲಿಯಲು ತಡವಾಯಿತು.
ಬಾಯಿ ಸೀಳಿದ ಹಳೇ ಗಡಿಗೆ,
ಒಳಗೆ ಜೋಳದ ದಂಟಿನ ಚೂರು, ಒಣ ಸಗಣಿ,
ನೀರಲ್ಲಿ ಅದ್ದಿದ ಗೋಣಿಯ ಹರುಕು.
ಸಂಜೆ, ಕಾಲುವೆ ದಂಡೆಯ ಹುತ್ತದ ಮೇಲೆ ಬೋರಲು.
ಮೊದಲು ಕೋಲು ಬಡಿಯಬೇಕು,
ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲವಲ್ಲ.
ಬಿಸಿಲೇರುವ ಮುಂಚೆ ಎತ್ತಿದರೆ
ಅನ್ನದ ಅಗಳಿಗೆ ಜೀವ ಬಂದಂತೆ ಗೆದ್ದಲು.
ಅರ್ಧ ಅಂಗಳಕ್ಕೆ ಕೊಡವಿ,
ಅರ್ಧ ಅಲ್ಲೇ ಬಿಡಬೇಕು.
"ನಾಳೆ ಬ್ಯಾರೆ ಹುತ್ತ. ಇವಕ್ಕೂ ಸಂಸಾರ ಐತಿ."

ಹ್ಯಾಟೆ ಒಂದು ಹುಳ ಕಚ್ಚಿ, ಕೆಳಗಿಟ್ಟು, ಕರೆಯುವುದು:
ಕುಟ್ ಕುಟ್ ಕುಟ್.
ಗುಲಾಬಿಗೆ ಮೊದಲ ದಿನ ಆ ಭಾಷೆ ತಿಳಿಯಲಿಲ್ಲ.
ಎರಡನೇ ದಿನ ಎಲ್ಲರಿಗಿಂತ ಮೊದಲು ಓಡಿತು.

ಗದ್ದೆಗೆ ಎಣ್ಣೆ ಹೊಡೆಯುವ ಮೋಟಾರು ಗುರ್ ಅಂದ ದಿನ
ಖಾಜಾಬಿ ಗೂಡಿನ ಬಾಗಿಲು ತೆರೆಯುವುದಿಲ್ಲ.
ಮೂರು ದಿನ ಬರೀ ನುಚ್ಚು, ನುಗ್ಗೆ ಸೊಪ್ಪು.
ಮರಿಗಳು ಶಾಪ ಹಾಕುತ್ತವೆ.
ಹಾಕಲಿ.

ನಾಲ್ಕನೆಯ ದಿನ ಬಾಗಿಲು ತೆರೆದೆವು.
ಹದ್ದು ಬಂತು.
ಏಳು ಕಂದು ಮರಿ ಮಣ್ಣಾಗಿ ಮಣ್ಣಿಗೆ ಅಂಟಿದವು,
ಹ್ಯಾಟೆ ರೆಕ್ಕೆ ಕೆದರಿ ಕೊಡೆಯಾಯಿತು.
ಹಸಿರು ಮಾತ್ರ ಎಲ್ಲಿ ಅಡಗಿದರೂ ಹಸಿರೇ.
ಕೋಳಿಗೆ ಕಾಣದ ಬಣ್ಣ
ಮುಗಿಲಿಗೆ ಕಂಡಿತ್ತು.

ಸುಂಕಿ ಅಳಲಿಲ್ಲ. ಮಿಲ್ಲಿಗೆ ನನ್ನ ಬೆನ್ನು ಹತ್ತಿ ಬಂದು
ಬಾಯ್ಲರಿನ ತಣ್ಣನೆ ಬೂದಿ ಲಂಗದಲ್ಲಿ ತುಂಬಿಕೊಂಡಳು.
ಗುಲಾಬಿಯನ್ನು ಮೊಣಕಾಲ ಮೇಲೆ ಕೂರಿಸಿ
ಬೆನ್ನು, ಕುತ್ತಿಗೆ, ಪುಟ್ಟ ರೆಕ್ಕೆ
ಹಗುರಕ್ಕೆ ಸವರಿ ಸವರಿ
ಊರಿನ ಬಣ್ಣ ಮಾಡಿದಳು.

ಈಗದು ಬಿಳಿ ಹುಂಜ,
ಕಿವಿಯ ಹಿಂದೆ ಒಂದೆಳೆ ಗುಲಾಬಿ ಉಳಿದಿದೆ.
ಮೊಟ್ಟೆ ಇಡುವುದಿಲ್ಲವೆಂದೇ ಬಣ್ಣ ಬಳಿದು
ಬೀದಿಗೆ ಬಿಟ್ಟಿದ್ದರಂತೆ ಇವನನ್ನು.
ಮಿಲ್ಲಿನ ಸೈರನ್ನಿಗೆ ಓಗೊಡುತ್ತಾನೆ, ಅದೂ ಅಪಸ್ವರದಲ್ಲಿ.
ಅವನನ್ನು ಕೊಯ್ಯುವ ಮಾತು ಯಾರೂ ಎತ್ತಿಲ್ಲ, ಇನ್ನೂ.

ಹದ್ದು ಇವತ್ತೂ ಸುತ್ತುತ್ತಿದೆ.
"ಅದಕ್ಕೂ ಮರಿ ಇರಬೇಕು, ಟವರಿನ ಮ್ಯಾಲೆ"
ಅಂದಳು ಖಾಜಾಬಿ,
ಅಂದು,
ಕಲ್ಲು ಬೀಸಿದಳು.